ನಾವು ಮಾಡರ್ನ್ ಇದ್ದೀವಿರಿ

ನಲ್ಲಿಯ ಬಾಯಿಗೆ ಎರಡು ಪದರಿನ ಬಿಳಿ ಬಟ್ಟೆ ಕಟ್ಟಿ ಕುಡಿಯುವ ನೀರು ಗಾಳಿಸುತ್ತಿದ್ದೆ, ಆಗ ಮಿರಜದಿಂದ ತಂಗಿಯ ಫೋನ್ ಬಂತು. ಮಳೆಗಾಲದಲ್ಲಿ ನಮ್ಮ ಸಾಂಗ್ಲಿಯ ನಲ್ಲಿಗೆ ಬರುವ ಕೃಷ್ಣೆಗೆ ಚಹಾದ ಬಣ್ಣ. ಕೊಡ ತುಂಬುವ ತನಕ ಬಟ್ಟೆಯನ್ನು ಹಿಡಿದೇ ನಿಲ್ಲಬೇಕು, ಇಲ್ಲವಾದರೆ ಅದು ಜಾರಿ ನೀರಿನಲ್ಲೇ ಬೀಳುತ್ತದೆ. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡೆ. ಆ ದಿನ ನೀರು ಹೊತ್ತಿಗೆ ಸರಿಯಾಗಿ ಬಂದಿತ್ತು, ಸಿಲಿಂಡರಿನಲ್ಲಿ ಗ್ಯಾಸ್ ಇನ್ನೂ ಉಳಿದಿತ್ತು, ನನ್ನ ಎಡ ಮೊಣಕಾಲು ಬೆಳಗಿನಿಂದ ತಕರಾರು ತೆಗೆದಿರಲಿಲ್ಲ. ಜಿನೇಶ್ವರನ ದಯೆಯನ್ನು ನಾನು ಇಂಥ ಸಣ್ಣ ಸಣ್ಣದರಲ್ಲೇ ಹುಡುಕಿಕೊಳ್ಳುವವಳು. ದೊಡ್ಡದನ್ನು ಕೇಳಿ ಅಭ್ಯಾಸವಿಲ್ಲ.

"ಅಕ್ಕಾ, ಅವರು ಹೂಂ ಅಂದ್ರು," ಎಂದಳು ಸುಜಾತಾ. ದನಿ ನಡುಗುತ್ತಿತ್ತು.

ಅವರು ಎಂದರೆ ಕುಪವಾಡದ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಸ್ವಂತ ವರ್ಕ್‌ಶಾಪ್ ಇರುವ, ಸಾಂಗ್ಲಿಯಲ್ಲಿ ದೊಡ್ಡ ಬಂಗಲೆ ಕಟ್ಟಿಸಿರುವ, ನಮ್ಮದೇ ಜೈನ ಸಮಾಜದ ಒಂದು ಮನೆತನ. ಹಿಂದಿನ ರವಿವಾರವಷ್ಟೇ ಮಿರಜಕ್ಕೆ ಬಂದು ಸುಜಾತಾಳ ಮಗಳು ತ್ರಿಶಲೆಯನ್ನು ನೋಡಿಹೋಗಿದ್ದರು. ತ್ರಿಶಲೆಗೆ ಇಪ್ಪತ್ತೊಂಬತ್ತು ತುಂಬಿದೆ. ಅವಳ ಅಪ್ಪ, ಅವ್ವ ಇಬ್ಬರೂ ಈ ವಯಸ್ಸನ್ನು ಯಾರಾದರೂ ಕೇಳಿದರೆ ಮಾತು ಬದಲಿಸುವ ಹಂತಕ್ಕೆ ಬಂದಿದ್ದರು. ಹಾಗಾಗಿ ಆ ನಡುಗುವ ದನಿ ನನಗೆ ಅರ್ಥವಾಯಿತು.

"ಒಂದೇ ಮಾತು ಹೇಳ್ಯಾರ," ಎಂದು ಮುಂದುವರಿಸಿದಳು. "ಹೊತ್ತು ಮುಳುಗಿದ ಮ್ಯಾಲೆ ಉಣ್ಣೂದಿಲ್ಲ ಅಂತ ಇಕಿದೇನು ನೇಮ ಐತಿ, ಅದನ್ನ ಬಿಡಬೇಕಂತ. ಅವರು ಮಾಡರ್ನ್ ಮಂದಿ ನೋಡಕ್ಕಾ. ಅದು ಅವರಲ್ಲಿ ನಡ್ಯಾಂಗಿಲ್ಲ. ಸಂಜೀಕ ಡ್ಯೂಟಿ ಮುಗಿಸಿ ನಿನ್ನ ಕಡೆನೇ ಬಾ ಅಂತ ಹೇಳೇನಿ. ನೀ ಒಪ್ಪಸು. ನಿನ್ನ ಮಾತು ಕೇಳ್ತಾಳ."

ನೋಡೋಣ ಎಂದೆ. ಕೊಡ ತುಂಬಿ ನೀರು ಹೊರಗೆ ಹರಿಯುತ್ತಿತ್ತು.

ಈ ಮಾಡರ್ನ್ ಎಂಬ ಮಾತಿಗೂ ನನಗೂ ಹಳೆಯ ಪರಿಚಯ. ಒಬ್ಬರ ಪರಿಚಯ ಹಳೆಯದಾದಷ್ಟೂ ಅವರ ಮೇಲಿನ ಮರ್ಯಾದೆ ಹೆಚ್ಚುತ್ತದೆ ಎಂದು ಯಾರಾದರೂ ನಿಮಗೆ ಹೇಳಿದ್ದರೆ ನಂಬಬೇಡಿ.

ನಾನು ಕಲಿತದ್ದು ಮಿರಜ ತಾಲೂಕಿನ ಲಿಂಗನೂರಿನ ಮರಾಠಿ ಶಾಲೆಯಲ್ಲಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಹೀಗೆ ಎರಡು ದೋಣಿಯಲ್ಲಿ ಕಾಲಿಟ್ಟಿದ್ದ ನಮ್ಮನ್ನು ಒಂದು ದಿನ ಗುರೂಜಿಯವರು ಮೂರನೆಯದಕ್ಕೂ ಹತ್ತಿಸಿದರು. ಮಾಡರ್ನ್ ಎಂದರೆ ಆಧುನಿಕ ಎಂದು ಕರಿಹಲಗೆಯ ಮೇಲೆ ಬರೆದರು. ಆಧುನಿಕ ಎಂದರೇನು ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ವಾಕ್ಯದಲ್ಲಿ ಉಪಯೋಗಿಸಿ ಎಂದು ಹೇಳಿ, ಅವರೇ ಒಂದು ವಾಕ್ಯ ಕೊಟ್ಟರು: ದಿಸ್ ಈಸ್ ಎ ಮಾಡರ್ನ್ ಸ್ಕೂಲ್. ಮಾಳಿಗೆ ಸೋರಿ ನೆಲವೆಲ್ಲ ಒದ್ದೆಯಾಗಿತ್ತು. ನಾವು ಚೀಲ ತಲೆಯ ಮೇಲೆ ಹೊತ್ತುಕೊಂಡು, ಒಂದೇ ದನಿಯಲ್ಲಿ, ನಮ್ಮದು ಮಾಡರ್ನ್ ಸ್ಕೂಲು ಎಂದು ಕೂಗಿದೆವು. ಪಕ್ಕದ ಕಬ್ಬಿನ ಹೊಲದವರು ಕೆಲಸ ನಿಲ್ಲಿಸಿ ನೋಡಿದರು.

ಮನೆಗೆ ಬಂದು ಅಪ್ಪನನ್ನು ಕೇಳಿದೆ. ಅಪ್ಪ ಶಾಲೆಗೆ ಹೆಚ್ಚು ಹೋದವರಲ್ಲ, ಆದರೆ ಕೇಳಿದ್ದಕ್ಕೆ ಉತ್ತರ ಹೇಳದೆ ಬಿಡುವವರೂ ಅಲ್ಲ. ನಮ್ಮ ಬಾವಿಗೆ ಆ ವರ್ಷವೇ ಮೋಟಾರ್ ಬಂದಿತ್ತು. ಅದಕ್ಕೂ ಮೊದಲು ಎತ್ತು ಕಟ್ಟಿ ನೀರೆತ್ತುತ್ತಿದ್ದರು. ಅಪ್ಪ ಕೊಟ್ಟಿಗೆಯ ಕಡೆ ಕೈ ಮಾಡಿ, ಎತ್ತಿನ ಹೆಗಲಿನ ಗಾಯ ಮಾಯ್ದೈತಿ ನೋಡು, ಅದು ಮಾಡರ್ನ್ ಎಂದರು. ಇಷ್ಟು ಚೆನ್ನಾಗಿ ಆ ಮಾತನ್ನು ನನಗೆ ಮತ್ತೆ ಯಾರೂ ಕಲಿಸಲಿಲ್ಲ. ಮುಂದೆ ಕಲಿಸಿದವರೆಲ್ಲ ಇಂಗ್ಲಿಷ್ ಬರುವವರು.

ಮದುವೆಯಾಗಿ ಸಾಂಗ್ಲಿಗೆ ಬಂದೆ. ನಮ್ಮ ಮನೆಯವರು ಅರಿಸಿಣದ ಪೇಟೆಯಲ್ಲಿ ದಲಾಲಿ ಮಾಡುವವರು, ಹೊಸ ಸ್ಕೂಟರ್ ಕೊಂಡಿದ್ದರು. ಹಿಂದೆ ಕುಳಿತಾಗ ನಾನು ಅವರನ್ನು ಮುಟ್ಟದೆ ಹಿಂದಿನ ಸ್ಟೆಪ್ನಿ ಗಾಲಿಯನ್ನೇ ಅಪ್ಪಿಕೊಂಡು ಕೂರುತ್ತಿದ್ದೆ. ಮುಖದ ತುಂಬ ಧೂಳು. ಸ್ವಲ್ಪ ಮಾಡರ್ನ್ ಆಗು ಎಂದು ಅವರು ನಕ್ಕರು. ನಾನೂ ಹುರುಪಿನಿಂದ, ಹಾಗಾದರೆ ಪಂಜಾಬಿ ಡ್ರೆಸ್ ಹೊಲಿಸಲೇ ಎಂದೆ. ಕೂಡಲೇ ಸ್ಕೂಟರಿನ ವೇಗ ಕಡಿಮೆಯಾಯಿತು. ಬಸ್ತಿಗೆ ದರ್ಶನಕ್ಕೆ ಬರುವ ಮಂದಿ ಏನೆಂದಾರು ಎಂದರು. ಆ ದಿನ ತಿಳಿಯಿತು, ಮಾಡರ್ನ್ ಎಂಬುದು ಸ್ಕೂಟರಿನ ಹಿಂದಿನ ಸೀಟಿನ ಹಾಗೆ. ಎಲ್ಲಿಗೆ ಹೋಗಬೇಕೆಂಬುದು ಮುಂದೆ ಕುಳಿತವರಿಗೆ ಬಿಟ್ಟದ್ದು.

ಆಮೇಲೆ ಆ ಮಾತನ್ನು ಎಲ್ಲೆಲ್ಲಿಯೂ ಕಂಡೆ. ನೀವೂ ಗಮನಿಸಿರಬಹುದು, ಪ್ರತಿ ಊರಿನ ಪೇಟೆಯಲ್ಲಿಯೂ ಮಾಡರ್ನ್ ಎಂಬ ಹೆಸರಿನ ಒಂದು ಅಂಗಡಿ ಇದ್ದೇ ಇರುತ್ತದೆ, ಮತ್ತು ಇಡೀ ಓಣಿಯಲ್ಲಿ ಅದಕ್ಕಿಂತ ಹಳೆಯದು ಇನ್ನೊಂದಿರುವುದಿಲ್ಲ. ಬೋರ್ಡಿನ ಅರ್ಧ ಅಕ್ಷರಗಳು ಉದುರಿರುತ್ತವೆ, ಒಳಗೆ ಮಾಲಕರು ಪಂಖದ ಕೆಳಗೆ ತೂಕಡಿಸುತ್ತಿರುತ್ತಾರೆ. ಪಾಪ, ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಒಮ್ಮೆ ಬೋರ್ಡು ಬರೆಸಿ ಸುಮ್ಮನಾದರು. ಸಿಟ್ಟಿರುವುದು ಬೋರ್ಡನ್ನು ನಾಲಗೆಯ ಮೇಲೆ ಹೊತ್ತು ಮನೆಮನೆಗೆ ತಿರುಗುವವರ ಮೇಲೆ.

ಇನ್ನು ಆ ರವಿವಾರದ ಮಾತು.

ನಮ್ಮ ಕಡೆ ಹೆಣ್ಣು ನೋಡುವ ಕಾರ್ಯಕ್ರಮಕ್ಕೆ ಮರಾಠಿಯವರ ಹಾಗೆ ನಾವೂ ಕಾಂದಾ ಪೋಹೆ ಎಂದೇ ಹೇಳುತ್ತೇವೆ. ಕಾಂದಾ ಎಂದರೆ ಉಳ್ಳಾಗಡ್ಡಿ, ಪೋಹೆ ಎಂದರೆ ಅವಲಕ್ಕಿ. ಹೆಸರಿನಲ್ಲಿ ಮಾತ್ರ ಉಳ್ಳಾಗಡ್ಡಿ. ನೆಲದೊಳಗಿನ ಗಡ್ಡೆ ಕಿತ್ತರೆ ಜೀವಹಿಂಸೆ ಎಂದು ನಂಬಿದ ಮನೆಗಳಲ್ಲಿ ಅದಕ್ಕೆ ಒಳಗೆ ಬರಲು ಅಪ್ಪಣೆಯಿಲ್ಲ. ನನ್ನನ್ನು ನೋಡಲು ಬಂದಾಗ ನಮ್ಮವ್ವ ಅವಲಕ್ಕಿಗೆ ಶೇಂಗಾ, ಕೊಬ್ಬರಿ ಹಾಕಿದ್ದಳು. ಯಾರಿಗೂ ಏನೂ ಕಡಿಮೆ ಅನ್ನಿಸಲಿಲ್ಲ.

ಆದರೆ ಬರುವವರು ಮಾಡರ್ನ್ ಎಂದು ಮಧ್ಯಸ್ಥರು ಹೇಳಿಬಿಟ್ಟಿದ್ದರು. ಹುಡುಗಿ ಜೀನ್ಸ್ ಹಾಕಬಹುದು, ಕಾರು ಓಡಿಸಬಹುದು, ನೌಕರಿ ಮಾಡಬಹುದು, ಏನೂ ಬಂಧನವಿಲ್ಲ. ಇದನ್ನು ಕೇಳಿದ ಸುಜಾತಾಳಿಗೆ ದಿಗಿಲು ಹತ್ತಿತು. ತಮ್ಮ ಮನೆ ಅವರಿಗೆ ಹಳ್ಳಿಯ ಹಾಗೆ ಕಂಡರೆ? ನಾನು ಮಧ್ಯಾಹ್ನ ಮಿರಜಕ್ಕೆ ಹೋದಾಗ ಅವಳು ಹಿತ್ತಲಿನ ಗ್ಯಾಲರಿಯಲ್ಲಿ ಪ್ಲಾಸ್ಟಿಕ್ ಚೀಲವೊಂದನ್ನು ಎದುರಿಗಿಟ್ಟುಕೊಂಡು ಕುಳಿತಿದ್ದಳು. ಚೀಲದಲ್ಲಿ ಉಳ್ಳಾಗಡ್ಡಿ. ಪಕ್ಕದಲ್ಲಿ ಒಂದು ಸಣ್ಣ ಒಲೆ, ಆಮೇಲೆ ಯಾರಿಗಾದರೂ ಕೊಟ್ಟುಬಿಡಲೆಂದು ತಂದ ಒಂದು ಬಾಣಲೆ, ಒಂದು ಚೂರಿ.

"ಅಕ್ಕಾ, ಇದರ ಸಿಪ್ಪಿ ಎಲ್ಲಿ ತನಕ ತಗೀಬೇಕು?" ಎಂದು ಕೇಳಿದಳು.

ನನಗೆ ಗೊತ್ತಿದ್ದರೆ ತಾನೆ. ಇಬ್ಬರೂ ಸೇರಿ ಸುಲಿಯುತ್ತಾ ಹೋದೆವು. ಸುಲಿದಷ್ಟೂ ಸಿಪ್ಪೆಯೇ. ಕೊನೆಗೆ ಕೈಯಲ್ಲಿ ಉಳಿದದ್ದು ಒಂದು ಗೋಲಿಯಷ್ಟು. ಹೆಚ್ಚಲು ತೊಡಗಿದ ಮೇಲೆ ಕಣ್ಣಲ್ಲಿ ಧಾರೆ. ಹುಟ್ಟಿದಾಗಿನಿಂದ ಉಳ್ಳಾಗಡ್ಡಿ ಮುಟ್ಟದ ಕಣ್ಣುಗಳು, ಒಮ್ಮೆಲೇ ಸಾಲ ತೀರಿಸಿದ ಹಾಗೆ ಹರಿದವು. ಆಚೆ ಮನೆಯ ಮರಾಠಿ ವಹಿನಿ ಬಟ್ಟೆ ಒಣಹಾಕಲು ಬಂದವಳು ನಮ್ಮಿಬ್ಬರನ್ನು ನೋಡಿ ಮರುಗಿದಳು. ಹುಡುಗಿಯನ್ನು ಇನ್ನೂ ನೋಡಿಲ್ಲ, ಕಳಿಸಿಕೊಡುವ ಅಳು ಈಗಲೇ ಯಾಕೆ ಎಂದು ಸಮಾಧಾನ ಹೇಳಿದಳು. ನಾವು ಹೂಂ ಎಂದೆವು. ಜೈನರ ಗ್ಯಾಲರಿಯಲ್ಲಿ ಉಳ್ಳಾಗಡ್ಡಿ ಹೆಚ್ಚುತ್ತಿದ್ದೇವೆ ಎನ್ನುವುದಕ್ಕಿಂತ ಅಳುತ್ತಿದ್ದೇವೆ ಎನ್ನುವುದು ಮರ್ಯಾದೆ.

ತ್ರಿಶಲೆ ಆಸ್ಪತ್ರೆಯಿಂದ ಬಂದು ಇದನ್ನು ನೋಡಿದಳು. ಅವಳು ಫಿಜಿಯೋಥೆರಪಿ ಕಲಿತವಳು. ಮೊಣಕಾಲಿನ ಆಪರೇಶನ್ ಆದ ಮುದುಕರನ್ನು ಹಿಡಿದು ನಡೆಸುವುದು ಅವಳ ಕೆಲಸ. ಹೊತ್ತು ಮುಳುಗುವ ಮುಂಚೆ ಅಡುಗೆಮನೆಯಲ್ಲಿ ನಿಂತುಕೊಂಡೇ ತನ್ನ ಜೋಳದ ಭಕ್ಕರಿ, ಹೆಸರುಬೇಳೆ ತಿಂದು ಕೈ ತೊಳೆದಳು. ಚಿಕ್ಕವಳಿದ್ದಾಗ ಬಸ್ತಿಗೆ ಬಂದಿದ್ದ ಸನ್ಯಾಸಿನಿ ಮಾತಾಜಿಯವರ ಮುಂದೆ ಕೈ ಮುಗಿದು, ಯಾರೂ ಹೇಳದೆ ತಾನಾಗಿಯೇ ಹಿಡಿದ ನೇಮ ಅದು. ಹಾಸ್ಟೆಲ್ಲಿನಲ್ಲೂ ಬಿಡಲಿಲ್ಲ, ಡ್ಯೂಟಿಯಲ್ಲೂ ಬಿಟ್ಟಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಡಬ್ಬಿ ಖಾಲಿ ಮಾಡಿ ಮತ್ತೆ ಕೆಲಸಕ್ಕೆ ಏಳುತ್ತಾಳೆ. ಯಾರಿಗೂ ಅದರಿಂದ ತೊಂದರೆಯಾದದ್ದು ನಾನು ಕಂಡಿಲ್ಲ, ಅವಳು ಅದನ್ನು ಯಾರಿಗೂ ಉಪದೇಶಿಸಿದ್ದೂ ಇಲ್ಲ.

ನಾಲ್ಕು ಗಂಟೆಗೆ ಬರುತ್ತೇವೆ ಎಂದಿದ್ದ ಮಂದಿ ದೀಪ ಹಚ್ಚಿದ ಮೇಲೆ ಬಂದರು. ಹುಡುಗನ ತಾಯಿಗೆ ಪಾರ್ಲರಿನಲ್ಲಿ ತಡವಾಯಿತಂತೆ. ಕೂದಲು ನೋಡಿದರೆ ಸುಳ್ಳೆನ್ನುವ ಹಾಗಿರಲಿಲ್ಲ. ಹಿಂದೆ ಹುಡುಗ, ಅವನ ಹಿಂದೆ ಅವನಪ್ಪ. ಎಲ್ಲರೂ ಒಳಗೆ ಬಂದು ಕುಳಿತ ಮೇಲೆ ನೆನಪಾದವರ ಹಾಗೆ ಯಾರೋ ಹೊರಗೆ ಹೋಗಿ ಕಾರಿನಿಂದ ಅಜ್ಜಿಯನ್ನು ಕರೆತಂದರು. ಹುಡುಗನ ತಂದೆಯ ತಾಯಿ. ಸಣ್ಣ ದೇಹ, ಇಸ್ತ್ರಿ ಮಾಡಿದ ಬಿಳಿ ಸೀರೆ. ಮೊಣಕಾಲು ಮಡಿಚಲಾಗದೆ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕಾಲು ಚಾಚಿ ಕುಳಿತರು.

ಪ್ಲೇಟುಗಳು ಬಂದವು. ಹುಡುಗನ ತಾಯಿ ಚಮಚೆಯ ತುದಿಯಿಂದ ಉಳ್ಳಾಗಡ್ಡಿಯ ಒಂದು ಚೂರನ್ನು ಎತ್ತಿ ನೋಡಿದರು, ಮುಖ ಅರಳಿತು.

"ಛಲೋ ಆತ್ರಿ. ನಾವು ಮಾಡರ್ನ್ ಇದ್ದೀವಿರಿ. ನೀವು ಹೆಂಗೋ ಏನೋ ಅಂತ ನಾ ಹೆದರಿದ್ನಿ," ಎಂದರು. ಎಂದವರೇ ಪ್ಲೇಟನ್ನು ಟೀಪಾಯಿಯ ಮೇಲೆ ಇಟ್ಟುಬಿಟ್ಟರು. ಏಳರ ನಂತರ ಅವರು ಏನೂ ಮುಟ್ಟುವುದಿಲ್ಲವಂತೆ. ಡಾಯೆಟೀಶಿಯನ್ ಹೇಳಿದ್ದಾರಂತೆ, ಸಂಜೆ ಬೇಗ ಊಟ ಮುಗಿಸಿ ಮರುದಿನದ ತನಕ ಹೊಟ್ಟೆಗೆ ರಜೆ ಕೊಡಬೇಕಂತೆ, ಹೊರದೇಶದಲ್ಲೆಲ್ಲ ಈಗ ಇದೇ ನಡೆದಿದೆಯಂತೆ. ನಮ್ಮ ಸುಜಾತಾ ಬಾಯಿ ತೆರೆದು ಕೇಳುತ್ತಿದ್ದಳು. ನಾನು ಬಾಯಿ ಮುಚ್ಚಿಕೊಂಡು ಕೇಳಿದೆ. ಬಸ್ತಿಯಲ್ಲಿ ಪುಗಸಟ್ಟೆ ಸಿಗುವ ಮಾತಿಗೆ ಫೀ ಕೊಟ್ಟರೆ ಅದು ಮಾಡರ್ನ್ ಆಗುತ್ತದೆ ಎಂದು ನನಗೆ ಅಂದು ಗೊತ್ತಾಯಿತು.

ಸುಜಾತಾ ಅಜ್ಜಿಯ ಮುಂದೆ ಪ್ಲೇಟು ಹಿಡಿದಳು. ಅಜ್ಜಿ ಕಿಟಕಿಯ ಕಡೆ ನೋಡಿ, ಮುಳುಗಿತವ್ವಾ, ಬ್ಯಾಡ ಎಂದರು. ನೀರೂ ಬೇಡ ಎಂದು ಕೈಯಾಡಿಸಿದರು.

"ಅವರದು ಬಿಡ್ರಿ, ಹಳೇ ಹುಚ್ಚು," ಎಂದರು ಸೊಸೆ, ನಗುತ್ತಲೇ.

ತ್ರಿಶಲೆ ಚಹಾದ ತಟ್ಟೆ ಕೆಳಗಿಟ್ಟು ಅಜ್ಜಿಯ ಕುರ್ಚಿಯ ಪಕ್ಕ ನೆಲದ ಮೇಲೆ ಕುಳಿತಳು. ನೋಡಲು ಬಂದವರ ಎದುರಿನ ಕುರ್ಚಿ ಖಾಲಿಯೇ ಉಳಿಯಿತು. ಮನೆಯಲ್ಲಿ ಉಂಡು ಬಂದಿದ್ದೀರಾ ಎಂದು ಮೆಲ್ಲಗೆ ಕೇಳಿದಳು. ಅಜ್ಜಿ ಇಲ್ಲವೆಂದು ತಲೆಯಾಡಿಸಿದರು.

"ಅಲ್ಲೇ ತಿಂದರಾತು ಅಂದ್ರವ್ವಾ. ಸೀರಿ ಉಟ್ಟು ಮಧ್ಯಾಹ್ನದಿಂದ ಕುಂತೇನಿ."

ಇದನ್ನು ಅವರು ದೂರಿನ ದನಿಯಲ್ಲಿ ಹೇಳಲಿಲ್ಲ. ಬಸ್ಸು ತಪ್ಪಿತು ಎಂದು ಹೇಳುವ ಹಾಗೆ ಹೇಳಿದರು. ಬೆಳಗಾಗುವ ತನಕ ಆ ಹೊಟ್ಟೆಗೆ ಇನ್ನು ಏನೂ ಇಲ್ಲ. ಸೊಸೆಯ ಹೊಟ್ಟೆಗೂ ಇಲ್ಲ, ನಿಜ. ಆದರೆ ಅದು ರಜೆ, ಇದು ಹುಚ್ಚು. ತ್ರಿಶಲೆ ಅಜ್ಜಿಯ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಕಾಲನ್ನು ಸ್ವಲ್ಪ ಸ್ವಲ್ಪವಾಗಿ ಮಡಿಚಿ ಬಿಡಿಸತೊಡಗಿದಳು. ಹುಡುಗನ ತಾಯಿಗೆ ಅದೂ ಹಿಡಿಸಿತು. ಮನೆಯಲ್ಲೇ ಡಾಕ್ಟರ್ ಬಂದ ಹಾಗಾಯಿತು ಎಂದರು.

ಹುಡುಗ, ಹುಡುಗಿ ಮಾಳಿಗೆಯ ಮೇಲೆ ಹೋಗಿ ಮಾತನಾಡಿಕೊಂಡು ಬಂದರು. ಇದೂ ಮಾಡರ್ನ್. ನಮ್ಮ ಕಾಲದಲ್ಲಿ ಹುಡುಗನ ಕಾಲಿನ ಚಪ್ಪಲಿ ನೋಡಿಯೇ ಮದುವೆಯಾಗಿದ್ದು. ನಾನು ನೋಡಿದ ಚಪ್ಪಲಿ ಅವರ ಅಣ್ಣನದಾಗಿತ್ತು ಎಂಬುದು ಬೇರೆ ಮಾತು. ಹುಡುಗ ಕೆಟ್ಟವನಲ್ಲ. ಮರಾಠಿಯಲ್ಲಿ ಇಂಗ್ಲಿಷ್ ಕಲಸಿ ಮೃದುವಾಗಿ ಮಾತನಾಡುವವನು. ತ್ರಿಶಲೆ ಆಮೇಲೆ ಹೇಳಿದ್ದು, ಅವನು ಅವಳ ನೇಮದ ಬಗ್ಗೆ ಕೇಳಿ, ನನಗೇನೂ ಅಡ್ಡಿಯಿಲ್ಲ, ಮಮ್ಮಿಗೆ ಅಷ್ಟೇ ಎಂದನಂತೆ. ವರ್ಕ್‌ಶಾಪಿನ ಗಿರಾಕಿಗಳು ರಾತ್ರಿ ಊಟಕ್ಕೆ ಬರುತ್ತಾರಂತೆ, ಸೊಸೆ ಖಾಲಿ ತಾಟಿನ ಮುಂದೆ ಕುಳಿತರೆ ಚಂದ ಕಾಣುವುದಿಲ್ಲವಂತೆ. ಹಾಗಾದರೆ ನಿಮ್ಮ ತಾಯಿ ಏಳರ ನಂತರ ಉಣ್ಣುವುದಿಲ್ಲವಲ್ಲ ಎಂದು ಇವಳು ಕೇಳಿದ್ದಕ್ಕೆ, ಅವರದು ಡಾಯೆಟ್ ಎಂದನಂತೆ. ಇಷ್ಟು ಸ್ಪಷ್ಟವಾದ ಉತ್ತರ ಗುರೂಜಿಯವರೂ ಕೊಟ್ಟಿರಲಿಲ್ಲ.

ಅವರು ಹೋದ ಮೇಲೆ ಸುಜಾತಾ ಉಳಿದ ಪೋಹೆಯನ್ನು ಚೀಲಕ್ಕೆ ತುಂಬಿ, ಗ್ಯಾಲರಿಗೆ ನೀರು ಸುರಿದು ತೊಳೆದಳು. ವಾಸನೆ ಮಾತ್ರ ಹೋಗಲಿಲ್ಲ. ಆದರೂ ಖುಷಿಯಿಂದಲೇ ಇದ್ದಳು. ಎಷ್ಟು ಮೋಕಳಾ ಮನಸ್ಸಿನ ಮಂದಿ ನೋಡಕ್ಕಾ, ಜೀನ್ಸ್ ಬೇಕಾದರೂ ಹಾಕು ಅಂತಾರೆ ಎಂದಳು. ತ್ರಿಶಲೆ ಜೀನ್ಸ್ ಹಾಕಿಕೊಂಡೇ ಕಾಲೇಜು ಮುಗಿಸಿದವಳು. ಅವಳು ಈಗಾಗಲೇ ಮಾಡುತ್ತಿರುವುದಕ್ಕೆಲ್ಲ ಅಪ್ಪಣೆ ಕೊಟ್ಟು, ಅವಳು ತನ್ನದೆಂದು ಇಟ್ಟುಕೊಂಡ ಒಂದೇ ಒಂದನ್ನು ಬಿಡು ಎಂದು ಕೇಳುವುದು. ಸಂತೆಯಲ್ಲಿ ಇಂಥ ವ್ಯಾಪಾರ ಮಾಡಿದರೆ ನಾವು ತಕ್ಕಡಿ ಕಸಿದುಕೊಂಡು ಜಗಳಕ್ಕೆ ನಿಲ್ಲುತ್ತೇವೆ. ಹೆಣ್ಣು ನೋಡಲು ಬಂದವರು ಮಾಡಿದರೆ ಚಹಾ ಕೊಡುತ್ತೇವೆ.

ಫೋನ್ ಬಂದ ದಿನ ಸಂಜೆ, ಹೊತ್ತು ಇನ್ನೂ ಮೇಲಿರುವಾಗಲೇ, ತ್ರಿಶಲೆ ಬಂದಳು. ಮಿರಜದ ಬಸ್ಸು ಬೇಗ ಸಿಕ್ಕಿತಂತೆ. ಅದೂ ಒಂದು ದಯೆಯೇ. ನಾನು ತಾಟು ಇಟ್ಟೆ. ಭಕ್ಕರಿ, ಹೀರೇಕಾಯಿ ಪಲ್ಯ, ಮೊಸರು. ಎರಡು ತುತ್ತು ತಿಂದು ತಲೆಯೆತ್ತಿದಳು.

"ಆಯಿ ಫೋನ್ ಮಾಡಿದ್ಲಲ್ಲಾ ಮಾವಶಿ? ನನ್ನ ಒಪ್ಪಸು ಅಂತ?"

"ಮಾಡಿದ್ಲು."

"ಮತ್ತ ಒಪ್ಪಸು."

ನನಗೆ ನಗು ಬಂತು, ಅವಳಿಗೆ ಬರಲಿಲ್ಲ. ಬೆರಳಲ್ಲಿ ಭಕ್ಕರಿಯ ಅಂಚು ಮುರಿಯುತ್ತಾ ಕುಳಿತಳು. ಅಜ್ಜಿಯ ಮಾತು ತೆಗೆದಳು. ಮರುದಿನ ಆ ಹುಡುಗ ಮೆಸೇಜು ಮಾಡಿದಾಗ ಅಜ್ಜಿ ಬೆಳಿಗ್ಗೆ ಎಷ್ಟು ಹೊತ್ತಿಗೆ ಉಂಡರು ಎಂದು ಕೇಳಿದ್ದಳಂತೆ. ಅವನಿಗೆ ಪ್ರಶ್ನೆಯೇ ತಿಳಿಯಲಿಲ್ಲವಂತೆ. ಅಜ್ಜಿ ಹಿಂದಿನ ಸಂಜೆ ಉಂಡಿಲ್ಲ ಎಂಬುದು ಆ ಮನೆಯಲ್ಲಿ ಯಾರಿಗೂ ಗೊತ್ತೇ ಇರಲಿಲ್ಲ.

"ನೇಮ ಬಿಡು ಅಂದಿದ್ದಕ್ಕ ಸಿಟ್ಟಿಲ್ಲ ಮಾವಶಿ," ಎಂದಳು. "ಬಿಡೂದಿಲ್ಲ ಅಂತ ಹಟ ಮಾಡಿ ನಡಸ್ಕೊಂಡೂ ಹೋಗ್ಬಹುದು. ಆದರ ನಾ ಆ ಮನ್ಯಾಗ ಹಸಗೊಂಡು ಕುಂತ್ರ ಯಾರಿಗೂ ಗೊತ್ತಾಗೂದಿಲ್ಲ."

ಆಮೇಲೆ ಇನ್ನೊಂದು ಮಾತು ಕೇಳಿದಳು.

"ಬ್ಯಾಡ ಅಂದ ಮ್ಯಾಲೆ ಮತ್ತ ಯಾರೂ ಬರಲಿಲ್ಲ ಅಂದ್ರ?"

ದೇವರ ಮುಂದೆ ದಿನವೂ ಕೂರುವವಳು ನಾನು, ಎಲ್ಲ ಒಳ್ಳೆಯದಾಗುತ್ತದೆ ಎಂದು ಹೇಳಬಹುದಾಗಿತ್ತು. ಆದರೆ ಇಪ್ಪತ್ತೊಂಬತ್ತು ಎಂದರೆ ನಮ್ಮ ಸಮಾಜದಲ್ಲಿ ಏನೆಂದು ಅವಳಿಗೂ ಗೊತ್ತು, ನನಗೂ ಗೊತ್ತು. ಸುಳ್ಳು ಸಮಾಧಾನ ಹೇಳಿದ್ದರೆ ನಾನೂ ಆ ಮಾಡರ್ನ್ ಮಂದಿಯ ಸಾಲಿಗೇ ಸೇರುತ್ತಿದ್ದೆ.

"ಗೊತ್ತಿಲ್ಲವ್ವಾ," ಎಂದೆ. "ಇನ್ನೊಂದು ಭಕ್ಕರಿ ಹಾಕ್ಲಿ?"

ಹಾಕು ಎಂದಳು. ಪೂರ್ತಿ ತಿಂದಳು. ಕಿಟಕಿಯ ಹೊರಗೆ ಇನ್ನೂ ಬೆಳಕಿತ್ತು.

ಅವಳು ಕೈ ತೊಳೆಯಲು ಹೋದಾಗ ನಾನೇ ಸುಜಾತಾಳಿಗೆ ಫೋನ್ ಹಚ್ಚಿದೆ. ಹುಡುಗಿ ಬೇಡ ಎನ್ನುತ್ತಾಳೆ, ನಾನೂ ಬೇಡ ಎನ್ನುತ್ತೇನೆ ಎಂದೆ. ಅವಳು ಅತ್ತಳು, ಈ ಸಲ ಉಳ್ಳಾಗಡ್ಡಿ ಇಲ್ಲದೆ. ಒಪ್ಪಿಸು ಅಂತ ಕಳಿಸಿದರೆ ನೀನೇ ಕೆಡಿಸಿದಿ ಎಂದಳು. ನಿನಗೆ ಹೆಣ್ಣುಮಕ್ಕಳಿಲ್ಲ, ನಿನಗೇನು ತಿಳಿಯುತ್ತದೆ ಎಂದೂ ಎಂದಳು. ಅದು ನಿಜ, ನನಗೆ ಇಬ್ಬರೂ ಗಂಡುಮಕ್ಕಳು. ನೋಯಿತು. ಆದರೆ ನೋಯಿಸುವ ಹಕ್ಕು ಆ ಹೊತ್ತಿನಲ್ಲಿ ಅವಳಿಗಿತ್ತು. ಮಗಳ ಬಾಳಿನ ಭಯ ಅವಳದು, ನನ್ನದು ಬರೀ ಮಾತು.

"ಅವರಿಗೆ ಏನಂತ ಹೇಳ್ಲಿ ನಾ?" ಎಂದು ಕೊನೆಗೆ ಕೇಳಿದಳು. "ಅಷ್ಟು ಮಾಡರ್ನ್ ಮಂದಿಗೆ ಏನಂತ ಹೇಳೂದು?"

"ನಮ್ಮ ಹುಡುಗಿಗೆ ಸಂಜೀಕ ಹಸಿವಾಗತೈತಿ ಅಂತ ಹೇಳು," ಎಂದೆ.

ಅವಳು ಇಡುತ್ತೇನೆ ಎನ್ನದೆಯೇ ಫೋನ್ ಇಟ್ಟಳು. ತ್ರಿಶಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. ನನ್ನ ಸೆರಗಿಗೆ ಕೈ ಒರೆಸಿಕೊಳ್ಳಲು ಹತ್ತಿರ ಬಂದಳು, ಚಿಕ್ಕವಳಿದ್ದಾಗ ಮಾಡುತ್ತಿದ್ದ ಹಾಗೆ, ಒರೆಸಿಕೊಂಡಳು, ಬ್ಯಾಗ್ ಹಾಕಿಕೊಂಡು ಬಸ್ಸಿಗೆ ಹೊರಟಳು. ನಾನು ಮಾಳಿಗೆ ಹತ್ತಿ, ಮತ್ತೆ ಮಳೆ ಹನಿಯುವುದರೊಳಗೆ, ಒಣಹಾಕಿದ್ದ ಬಟ್ಟೆಗಳನ್ನು ತೆಗೆಯತೊಡಗಿದೆ.